ತಾಯಿಯ ಹೆಸರು

ಛಾಂದೋಗ್ಯೋಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಬರುವ ಸತ್ಯಕಾಮನ ಕಥೆಯು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದುದೇ ಆಗಿದೆ. ಗುರುಕುಲಕ್ಕೆ ಹೊರಟ ಬಾಲಕನು ತನ್ನ ಗೋತ್ರವಾವುದೆಂದು ತಾಯಿಯನ್ನು ಕೇಳುತ್ತಾನೆ. ತಾಯಿಯಾದ ಜಬಾಲೆಯು, ಅದು ತನಗೆ ತಿಳಿಯದೆಂದೂ, ಯೌವನದಲ್ಲಿ ಪರಿಚಾರಿಕೆಯಾಗಿ ಬಹಳ ದುಡಿಯುತ್ತಿದ್ದಾಗ ಅವನನ್ನು ಪಡೆದೆನೆಂದೂ, ತನ್ನ ಹೆಸರು ಜಬಾಲೆ, ಅವನ ಹೆಸರು ಸತ್ಯಕಾಮ, ಆದಕಾರಣ ಸತ್ಯಕಾಮ ಜಾಬಾಲನೆಂದೇ ಹೇಳಿಕೊಳ್ಳತಕ್ಕದ್ದೆಂದೂ ಉತ್ತರ ಕೊಡುತ್ತಾಳೆ. ಬಾಲಕನು ಹಾಗೆಯೇ ಹೇಳುತ್ತಾನೆ. ಗುರುವಾದ ಗೌತಮನು ಅವನ ಸತ್ಯಕ್ಕೆ ಮೆಚ್ಚಿ, ಸಮಿತ್ತನ್ನು ತರಹೇಳಿ, ಶಿಷ್ಯನನ್ನಾಗಿ ಸ್ವೀಕರಿಸುತ್ತಾನೆ.

ಈ ಕಥೆಯನ್ನು ಹೇಳುವವರು ಹುಡುಗನ ಸತ್ಯವನ್ನು ಕೊಂಡಾಡುವರು. ಗುರುವಿನ ಔದಾರ್ಯವನ್ನು ಕೊಂಡಾಡುವರು. ತಾಯಿಯ ವಿಷಯವನ್ನು ಎತ್ತುವವರು ಕಡಮೆ. ಆದರೆ ಹುಡುಗನು ಗುರುವಿನ ಮುಂದೆ ನುಡಿದ ಸತ್ಯವು ತಾಯಿ ಮೊದಲು ಮನೆಯಲ್ಲಿ ನುಡಿದ ಸತ್ಯವೇ ಅಲ್ಲವೆ? ಭಾಷ್ಯಕಾರರಾದ ಶಂಕರರು ಈ ಸ್ಥಳದಲ್ಲಿ, ಗಂಡನ ಮನೆಯ ಪರಿಚರ್ಯೆಯಲ್ಲಿಯೇ ಮುಳುಗಿದ್ದ ಅವಳಿಗೆ ಗೋತ್ರವನ್ನು ಕೇಳಿ ತಿಳಿಯಲು ಅವಕಾಶವಾಗಲಿಲ್ಲವೆಂದೂ, ಅಷ್ಟರಲ್ಲಿಯೇ ಗಂಡನು ತೀರಿಕೊಂಡು ಅವಳು ಅನಾಥೆಯಾದಳೆಂದೂ ವಿವರಿಸುತ್ತಾರೆ. ಅನಾಥೆಯಾದವಳು ಮಗನನ್ನು ವಿದ್ಯಾರ್ಥಿಯ ವಯಸ್ಸಿನವರೆಗೆ ಸಾಕಿದಳು. ಹೇಗೆ ಸಾಕಿದಳೆಂಬುದನ್ನು ಉಪನಿಷತ್ತೂ ಹೇಳುವುದಿಲ್ಲ, ಭಾಷ್ಯವೂ ಹೇಳುವುದಿಲ್ಲ.

ಈ ಕಥೆಯನ್ನು ಬಾಯಿಪಾಠವಾಗಿ ಬಲ್ಲ ನಾವೇ ಒಮ್ಮೆ ಅದನ್ನು ಮರೆತೆವು. ಅದನ್ನು ಇಲ್ಲಿ ಒಪ್ಪಿಕೊಳ್ಳದೆ ಮುಂದಿನ ಮಾತನ್ನು ಹೇಳಲು ನಮಗೆ ಅಧಿಕಾರವಿಲ್ಲ.

ಸುಮಾರು ೩೦ ವರ್ಷಗಳ ಹಿಂದಿನ ಸಂಗತಿ. ನಾವು ಆಗ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದೆವು. ಜೂನ್ ತಿಂಗಳ ಮೊದಲ ವಾರ, ಹೊರಗೆ ಬಿಡದೆ ಸುರಿಯುವ ಮಳೆ. ಮಕ್ಕಳನ್ನು ಸೇರಿಸಲು ಬಂದ ತಂದೆತಾಯಿಗಳು ಜಗಲಿಯ ಮೇಲೆ ನಿಂತಿದ್ದರು. ಅವರ ನಡುವೆ ಆರು ವರ್ಷದ ಹೆಣ್ಣುಮಗುವಿನ ಕೈಹಿಡಿದ ಒಬ್ಬ ತಾಯಿಯಿದ್ದಳು. ಅವಳ ಗಂಡನು ಕೆಲಸಕ್ಕೆಂದು ಪಟ್ಟಣಕ್ಕೆ ಹೋದವನು ಮೂರು ವರ್ಷಗಳಿಂದ ಹಿಂದಿರುಗಿರಲಿಲ್ಲ. ಕಾಗದವೂ ಇಲ್ಲ, ಹಣವೂ ಇಲ್ಲ. ನಾವು ರಿಜಿಸ್ಟರನ್ನು ಬಿಡಿಸಿ, ತಂದೆಯ ಹೆಸರೇನು, ಉದ್ಯೋಗವೇನು, ಈಗ ಎಲ್ಲಿದ್ದಾನೆ ಎಂದು ಎಲ್ಲರೂ ಕೇಳುವಂತೆ ಪ್ರಶ್ನಿಸಿದೆವು. ಮೊದಲ ಪ್ರಶ್ನೆಗೆ ಉತ್ತರ ಬಂದಿತು, ಉಳಿದೆರಡಕ್ಕೆ ಬರಲಿಲ್ಲ. ತಂದೆಯೇ ಬಂದು ರುಜು ಹಾಕಲಿ ಎಂದೆವು. ಹಿಂದೆ ನಿಂತವರಲ್ಲಿ ಯಾರೋ ನಕ್ಕರು. ಅವಳು ಮಗುವನ್ನು ಕರೆದುಕೊಂಡು ಮಳೆಯಲ್ಲಿಯೇ ಇಳಿದು ಹೋದಳು. ನಾವು ಮುಂದಿನವರನ್ನು ಕರೆದೆವು.

ಆ ವರ್ಷ ಮಗು ಶಾಲೆಗೆ ಬರಲಿಲ್ಲ. ಮರುವರ್ಷ ಜೂನಿನಲ್ಲಿ ಅದೇ ತಾಯಿ ಅದೇ ಮಗುವಿನೊಡನೆ ಪುನಃ ಬಂದು, "ನನ್ನ ಹೆಸರು ಬರೆದುಕೊಳ್ಳಿ ಮಾಸ್ತರೇ, ಸಾಕುವವಳು ನಾನು" ಎಂದಳು. ಬರೆದುಕೊಂಡೆವು. ಬರೆಯಲು ಯಾವ ಅಡ್ಡಿಯೂ ಇರಲಿಲ್ಲ. ಹಿಂದಿನ ವರ್ಷವೂ ಇರಲಿಲ್ಲ. ಆ ಮಗುವಿನ ಒಂದು ವರ್ಷವು ನಮ್ಮ ಲೆಕ್ಕಕ್ಕೆ ಸೇರಿದ ಸಾಲ.

ಅನಂತರ ಜನಗಣತಿಯ ಕಾರ್ಯದ ನಿಮಿತ್ತ ಆ ಮನೆಯ ಬಾಗಿಲಿಗೆ ಹೋಗುವ ಪ್ರಸಂಗ ಒದಗಿತು. ಉಪನಿಷತ್ತು ಹೇಳದೆ ಬಿಟ್ಟುದನ್ನು ಅಲ್ಲಿ ಕಂಡೆವು. ಅವಳು ಬೀಡಿ ಕಟ್ಟುವವಳು. ನಮ್ಮ ಕರಾವಳಿಯಲ್ಲಿ ಬಹುಕಾಲ ಸಾವಿರಾರು ಮನೆಗಳ ಒಲೆಯುರಿಸಿದ ಉದ್ಯೋಗವಿದು, ಈಗ ಇಳಿಮುಖವಾಗಿದೆ. ರಾತ್ರಿ ಎಲೆಯನ್ನು ನೀರಿನಲ್ಲಿ ನೆನೆಸಿಡಬೇಕು. ಬೆಳಗ್ಗೆ ಅದನ್ನು ಒದ್ದೆಬಟ್ಟೆಯಲ್ಲಿ ಸುತ್ತಿ, ತಗಡಿನ ಅಳತೆಯಿಟ್ಟು ಕತ್ತರಿಸಬೇಕು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಎಲೆಗೆ ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ ಸುತ್ತಿ, ತುದಿ ಮಡಿಸಿ, ನೂಲು ಕಟ್ಟಬೇಕು. ಕೂಲಿಯು ಸಾವಿರದ ಲೆಕ್ಕ. ಕೈ ಪಳಗಿದವಳಿಗೂ ಸಾವಿರ ಕಟ್ಟುವುದಕ್ಕೆ ಹಗಲು ಸಾಲದೆ ದೀಪದ ಹೊತ್ತೂ ಬೇಕಾಗುವುದು. ಬ್ರಾಂಚಿನಲ್ಲಿ ಕೊಡುವ ಎಲೆ ಒಡಕಾಗಿದ್ದರೆ ಕೊರತೆಯನ್ನು ತಾನೇ ಕೊಂಡು ತುಂಬಬೇಕು. ಕಟ್ಟಿದ ಬೀಡಿ ಸರಿಯಿಲ್ಲವೆಂದು ತೆಗೆದುಹಾಕಿದರೆ ಆ ದುಡಿಮೆ ವ್ಯರ್ಥ. ಹೊಗೆಸೊಪ್ಪಿನ ಧೂಳು ಎದೆಯಲ್ಲಿ, ನೋವು ಬೆನ್ನಿನಲ್ಲಿ.

ಇದರ ನಡುವೆ ಅವಳು ಮೂರು ಲೆಕ್ಕಗಳನ್ನು ಬರೆಯದೆ ನೆನಪಿನಲ್ಲಿಟ್ಟಿದ್ದಳು. ಮೊದಲನೆಯದು ಅಂಗಡಿಯ ಸಾಲ. ಎರಡನೆಯದು ಪಡಿತರದ ಅಕ್ಕಿ ತೀರುವ ದಿನ. ಮೂರನೆಯದು ಮಗುವಿನ ಖರ್ಚು: ಪುಸ್ತಕ, ಕೊಡೆ, ಜ್ವರ ಬಂದರೆ ಔಷಧ. ಮಳೆಗಾಲದ ಕಷ್ಟವನ್ನು ಬೇಸಗೆಯಲ್ಲಿಯೇ ಊಹಿಸಿ ಸೌದೆ ಕೂಡಿಡುವಳು. ಅನ್ನ ಕಡಮೆಯಾದ ದಿನ ತನಗೆ ಹಸಿವಿಲ್ಲವೆನ್ನುವಳು. ನಾವು ೫೦ ಮಕ್ಕಳಿಗೆ ಕೂಡುವ ಕಳೆಯುವ ಲೆಕ್ಕ ಕಲಿಸುತ್ತಿದ್ದೆವು. ಕಳೆದುದನ್ನೆಲ್ಲ ತನ್ನ ಪಾಲಿನಿಂದಲೇ ಕಳೆದು, ಮಗುವಿನ ಪಾಲನ್ನು ಮುಟ್ಟದೆ ಉಳಿಸುವ ಲೆಕ್ಕವನ್ನು ನಾವು ಕಲಿತಿರಲಿಲ್ಲ.

ಇಂಥವರನ್ನು ಒಂದು ಕಾಲದಲ್ಲಿ ಅಬಲೆಯರೆಂದರು, ಈಗ ಮಹಾಶಕ್ತಿಯರೆನ್ನುವರು. ಎರಡು ಮಾತುಗಳೂ ನಮಗೆ ಸರಿಯೆನಿಸವು. ಅಬಲೆಯೆಂದವನು ಅವಳ ದುಡಿಮೆಯನ್ನು ಕಂಡವನಲ್ಲ. ಮಹಾಶಕ್ತಿಯೆಂದು ಕೈಮುಗಿದವನು, ಶಕ್ತಿಯಿರುವವಳಿಗೆ ಸಹಾಯವೇಕೆಂದು ತನ್ನ ದಾರಿ ಹಿಡಿಯುವನು. ಅವಳ ಬಲವು ದೇವತೆಯ ಬಲವಲ್ಲ. ಅದು ಕೈಯ ಕುಶಲತೆ, ಮುಂದಾಲೋಚನೆ, ನಿದ್ದೆಗೆಡುವಿಕೆ. ದಿನದಿನವೂ ಸವೆಯುವ ಬಲ. ಸವೆಯುವುದನ್ನು ಹೊಗಳಿದರೆ ಸಾಲದು, ಸವೆಯದಂತೆ ನೋಡಿಕೊಳ್ಳಬೇಕು. ಆ ಕಾರ್ಯವು ಅವಳಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದರಿಂದ ಆರಂಭವಾಗುವುದು. ಅದರಲ್ಲಿ ಮೊದಲನೆಯದು ಅವಳ ಹೆಸರು.

ತಾಯಿಯ ಹೆಸರಿನಿಂದ ಮಕ್ಕಳನ್ನು ಕರೆಯುವುದು ನಮ್ಮವರಿಗೆ ಹೊಸತೇನಲ್ಲ. ವ್ಯಾಕರಣದ ಮಹರ್ಷಿಯಾದ ಪಾಣಿನಿಯನ್ನು ಪತಂಜಲಿಯು ದಾಕ್ಷೀಪುತ್ರನೆನ್ನುತ್ತಾನೆ. ಐತರೇಯ ಬ್ರಾಹ್ಮಣದ ಮಹಿದಾಸನು ಇತರಾ ಎಂಬವಳ ಮಗನು. ತಂದೆಯು ಅವನನ್ನು ಕಡೆಗಣಿಸಿ ಇತರ ಮಕ್ಕಳನ್ನೇ ತೊಡೆಯ ಮೇಲೆ ಕೂರಿಸಿಕೊಂಡಾಗ ತಾಯಿಯು ಭೂದೇವಿಯನ್ನು ಪ್ರಾರ್ಥಿಸಿದಳೆಂಬ ಕಥೆಯನ್ನು ಸಾಯಣಾಚಾರ್ಯರು ಹೇಳಿದ್ದಾರೆ. ತಂದೆಯ ಹೆಸರು ಗ್ರಂಥಕ್ಕೆ ಬರಲಿಲ್ಲ, ತಾಯಿಯ ಹೆಸರು ಬಂದಿತು. ನಮ್ಮ ಜಿಲ್ಲೆಯ ಕೆಲವು ಸಮುದಾಯಗಳಲ್ಲಿ ಅಳಿಯಸಂತಾನದ ಪದ್ಧತಿಯಂತೆ ವಂಶವನ್ನು ತಾಯಿಯ ಕಡೆಯಿಂದಲೇ ಎಣಿಸುತ್ತಿದ್ದರು. ೧೮೯೬ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ದ. ರಾ. ಬೇಂದ್ರೆಯವರು ಕಾವ್ಯಕ್ಕೆ ಆರಿಸಿಕೊಂಡ ಹೆಸರು ಅಂಬಿಕಾತನಯದತ್ತ. ಅಂಬಿಕೆಯು ಅವರ ತಾಯಿ. ೧೯೭೩ರಲ್ಲಿ ಜ್ಞಾನಪೀಠ ಪ್ರಶಸ್ತಿಯು ಅವರಿಗೆ ಬಂದಾಗ ಆ ತಾಯಿಯ ಹೆಸರಿಗೂ ಗೌರವ ಸಂದಿತೆಂದು ನಾವು ಭಾವಿಸುತ್ತೇವೆ.

ಹೀಗಿದ್ದರೂ ಕಾಯಿದೆಯು ಈ ದಾರಿಗೆ ಬರಲು ಬಹುಕಾಲ ಹಿಡಿಯಿತು. ೧೯೫೬ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವದ ಕಾಯಿದೆಯು ಸಹಜ ಪಾಲಕನು ತಂದೆ, ಅವನ ಅನಂತರ ತಾಯಿ ಎಂದಿತು. ೧೯೯೯ರಲ್ಲಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಅನಂತರವೆಂದರೆ ತಂದೆ ಸತ್ತ ಮೇಲೆ ಎಂದು ಮಾತ್ರವಲ್ಲ, ತಂದೆಯು ಮಗುವಿನ ಯೋಗಕ್ಷೇಮವನ್ನು ಬಿಟ್ಟುಬಿಟ್ಟಾಗಲೂ ಹೌದೆಂದು ಅರ್ಥಮಾಡಿತು. ೨೦೧೫ರಲ್ಲಿ ಅದೇ ನ್ಯಾಯಾಲಯವು, ಅವಿವಾಹಿತ ತಾಯಿಯೊಬ್ಬಳು ಮಗುವಿನ ತಂದೆಯ ಹೆಸರನ್ನು ಹೊರಗೆಡಹದೆಯೇ ಪಾಲಕಳಾಗಬಹುದೆಂದು ತೀರ್ಪಿತ್ತಿತು. ೨೦೧೬ರಲ್ಲಿ ಪಾಸ್‌ಪೋರ್ಟಿನ ಅರ್ಜಿಗೆ ತಂದೆತಾಯಿಗಳಲ್ಲಿ ಒಬ್ಬರ ಹೆಸರು ಸಾಕೆಂದು ಸರ್ಕಾರವು ನಿಯಮ ಮಾಡಿತು. ಗೌತಮನು ಒಂದು ದಿನದಲ್ಲಿ ಕೊಟ್ಟ ತೀರ್ಪಿಗೆ ನಾವು ಇಷ್ಟು ದೂರ ನಡೆಯಬೇಕಾಯಿತು.

ಹೆಸರಿನೊಡನೆ ಅನ್ನವೂ ಬೇಕು. ೧೯೬೬ರಲ್ಲಿ ಬೀಡಿ ಕೆಲಸಗಾರರಿಗಾಗಿ ಪ್ರತ್ಯೇಕ ಕಾಯಿದೆಯಾಗಿ, ಮನೆಯಲ್ಲಿ ಕುಳಿತು ಕಟ್ಟುವವಳೂ ಕಾರ್ಮಿಕಳೇ ಎಂದಾಯಿತು. ೧೯೭೬ರ ಕಾಯಿದೆಯಿಂದ ಅವರಿಗೊಂದು ಕ್ಷೇಮನಿಧಿಯುಂಟಾಗಿ ಮಕ್ಕಳಿಗೆ ವಿದ್ಯಾರ್ಥಿವೇತನ ದೊರೆಯಿತು. ಶಾಲೆಯಲ್ಲಿ ಬಿಸಿಯೂಟ ಕೊಡತಕ್ಕದ್ದೆಂದು ೨೦೦೧ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಾಗಿ, ೨೦೦೨ರಲ್ಲಿ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹವು ಆರಂಭವಾಯಿತು. ೨೦೨೩ರಲ್ಲಿ ಮನೆಯ ಯಜಮಾನಿಯ ಹೆಸರಿಗೇ ತಿಂಗಳಿಗೆ ೨೦೦೦ ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಯು ಬಂದಿತು. ಇವನ್ನು ಬಿಟ್ಟಿಯೆಂದು ಜರೆಯುವವರುಂಟು. ಮಧ್ಯಾಹ್ನ ಶಾಲೆಯಲ್ಲಿ ಒಂದು ಮಗು ಹೊಟ್ಟೆತುಂಬ ಉಂಡರೆ, ಮನೆಯಲ್ಲಿ ಒಬ್ಬ ತಾಯಿಯು ಹಸಿವಿಲ್ಲವೆಂಬ ಸುಳ್ಳನ್ನು ಹೇಳಬೇಕಾಗುವುದಿಲ್ಲ. ಅದನ್ನು ನಾವು ಪಂಕ್ತಿಯ ಬದಿಯಲ್ಲಿ ನಿಂತು ಕಂಡವರು.

ಸರ್ಕಾರವು ಮಾಡತಕ್ಕದ್ದು ಸರ್ಕಾರಕ್ಕಿರಲಿ. ಗೃಹಸ್ಥರಾದ ನಮಗೂ ಕೆಲವು ಕರ್ತವ್ಯಗಳುಂಟು. ಮನೆಗೆಲಸಕ್ಕೆ ಬರುವ ತಾಯಿಯ ಕೂಲಿಯನ್ನು ನಾಳೆಗೆ ನಿಲ್ಲಿಸದಿರೋಣ. ನಮ್ಮ ಒಂದು ದಿನದ ಮರೆವು ಅವಳ ಮನೆಯ ಒಂದು ಹೊತ್ತಿನ ಊಟ. ಅಂಗಡಿಯ ಬಾಕಿಯನ್ನು ಅವಳ ಮಕ್ಕಳ ಮುಂದೆ ಎತ್ತದಿರೋಣ. ಅರ್ಜಿ ಬರೆಯಲು ಬಾರದವಳಿಗೆ ಬರೆದುಕೊಟ್ಟು, ಬರೆದುದನ್ನು ಓದಿ ಹೇಳೋಣ. ಮದುವೆ ಮುಂಜಿಗಳಲ್ಲಿ ಅವಳನ್ನು ಹಿತ್ತಿಲ ಬಾಗಿಲಿನಿಂದ ಕರೆಯದಿರೋಣ. ಎಲ್ಲಕ್ಕಿಂತಲೂ ಮುಖ್ಯವಾಗಿ, ಅವಳ ಮಗುವನ್ನು ನಾಲ್ವರ ನಡುವೆ ನಿಲ್ಲಿಸಿ ನಿನ್ನಪ್ಪನೆಲ್ಲಿ ಎಂದು ಕೇಳದಿರೋಣ.

ಆ ಹುಡುಗಿಯು ಚೆನ್ನಾಗಿ ಓದಿದಳು. ಸೇರಿದ ದಿನ ರಿಜಿಸ್ಟರಿನಲ್ಲಿ ತಾಯಿ ಹೆಬ್ಬೆಟ್ಟು ಒತ್ತಿದ್ದಳು. ಏಳನೆಯ ತರಗತಿ ಮುಗಿದು ವರ್ಗಾವಣೆಯ ಪತ್ರ ಕೊಡುವ ದಿನ ನಾವು ವಾಡಿಕೆಯಂತೆ ಮಸಿಯ ಮೆತ್ತೆಯನ್ನು ಮುಂದಿಟ್ಟೆವು. ಅವಳು ಅದನ್ನು ಬದಿಗೆ ಸರಿಸಿ ಲೇಖನಿಯನ್ನು ಕೇಳಿದಳು. ನಿಧಾನವಾಗಿ, ಒಂದೊಂದು ಅಕ್ಷರಕ್ಕೂ ತಡೆದು, ತನ್ನ ಹೆಸರನ್ನು ಬರೆದಳು. ಕಲಿಸಿದವರಾರೆಂದು ಕೇಳಿದೆವು. ಬೀಡಿಯ ಮೊರದಲ್ಲಿ ಹೊಗೆಸೊಪ್ಪಿನ ಪುಡಿಯನ್ನು ಹರಡಿ, ಬೆರಳು ಹಿಡಿದು ಮಗಳೇ ತಿದ್ದಿಸಿದಳಂತೆ.

ಆ ಪುಟದಲ್ಲಿ ಪಾಲಕರ ರುಜು ಎಂಬ ಕಲಮಿನ ಮುಂದೆ ಆ ಹೆಸರು ಇಂದಿಗೂ ಇರಬೇಕು.