ಸೊಲ್ಲಾಪುರ ಕೋಟೆ ಮತ್ತು ಸಂಧಿಯ ಸೊಸೆಯಂದಿರು

ಚಡಚಣದವರಿಗೆ ವಿಜಯಪುರಕ್ಕಿಂತ ಸೊಲ್ಲಾಪುರವೇ ಹತ್ತಿರ. ಭೀಮಾ ನದಿ ದಾಟಿದರೆ ಆಯಿತು. ಹದಿನಾರನೆಯ ಶತಮಾನದಲ್ಲಿ ಅಲ್ಲಿಯ ಕೋಟೆಗಾಗಿ ವಿಜಾಪುರದ ಆದಿಲ್‌ಶಾಹಿಗಳೂ ಅಹ್ಮದ್‌ನಗರದ ನಿಜಾಮ್‌ಶಾಹಿಗಳೂ ಮತ್ತೆ ಮತ್ತೆ ಕಾದಾಡಿದರು. ಕಾದಾಡಿ ಸಾಕಾದಾಗ ಅರಮನೆಯ ಹೆಣ್ಣುಮಗಳೊಬ್ಬಳ ಲಗ್ನ ಗೊತ್ತಾಗುತ್ತಿತ್ತು.

1524ರಲ್ಲಿ ಇಸ್ಮಾಯಿಲ್ ಆದಿಲ್‌ಶಾಹ ತನ್ನ ಸಹೋದರಿ ಮರಿಯಮ್‌ಳನ್ನು ಬುರ್ಹಾನ್ ನಿಜಾಮ್‌ಶಾಹನಿಗೆ ಕೊಟ್ಟ. ವರದಕ್ಷಿಣೆಗೆ ಸೊಲ್ಲಾಪುರ ಎಂದು ಮಾತಾಗಿತ್ತು. ಕೊಡಲಿಲ್ಲ. ಸ್ವಲ್ಪ ದಿನಕ್ಕೇ ಗಂಡನ ದಂಡು ತವರಿನ ಮೇಲೆ ಏರಿಬಂತು. ಚರಿತ್ರೆ ಬರೆದವರು ಕೋಟೆಯ ಲೆಕ್ಕ ಇಟ್ಟರು, ಮರಿಯಮ್ ಏನಂದಳೆಂದು ಕೇಳಲಿಲ್ಲ.

ನಾಲ್ಕು ದಶಕಗಳ ಮೇಲೆ ಕೊಟ್ಟು ತರುವ ಸಂಬಂಧವೇ ಆಯಿತು. ಅಲಿ ಆದಿಲ್‌ಶಾಹನ ತಂಗಿ ಅಹ್ಮದ್‌ನಗರಕ್ಕೆ ಹೋದಳು. ಅಲ್ಲಿಂದ ಹುಸೇನ್ ನಿಜಾಮ್‌ಶಾಹನ ಮಗಳು ಚಾಂದ್ ಬೀಬಿ ವಿಜಾಪುರಕ್ಕೆ ಬಂದಳು, ಸೊಲ್ಲಾಪುರದ ಸಮೇತ. ಈ ಬೀಗತನದ ಬಲದಲ್ಲೇ 1565ರ ಜನವರಿಯಲ್ಲಿ ವಿಜಯನಗರವನ್ನು ಮುರಿದದ್ದು. ಮುದ್ದೇಬಿಹಾಳದ ಕಡೆಯವರು ಅದನ್ನು ರಕ್ಕಸಗಿ–ತಂಗಡಗಿ ಯುದ್ಧವೆಂದೇ ಬಲ್ಲರು. ಇಬ್ಬರ ರಾಜಿಗೆಂದು ಮಾಡಿದ ಮದುವೆ ಮೂರನೆಯವರ ಊರು ಸುಡುವುದಕ್ಕೂ ಒದಗಿತು.

ಚಾಂದ್ ಬೀಬಿಗೆ ಮಾತ್ರ ಸೊಸೆತನ ಅಷ್ಟಕ್ಕೇ ಮುಗಿಯಲಿಲ್ಲ. 1580ರಲ್ಲಿ ಗಂಡ ಅಲಿ ಆದಿಲ್‌ಶಾಹನ ಕೊಲೆಯಾಯಿತು. ಗಂಡನ ಸಹೋದರನ ಮಗ, ಒಂಬತ್ತು ವರ್ಷದ ಇಬ್ರಾಹಿಮನನ್ನು ಪಟ್ಟಕ್ಕೆ ಕೂರಿಸಿ ರಾಜ್ಯಭಾರ ನೋಡಿಕೊಂಡಳು. ಸರದಾರ ಕಿಶ್ವರ್ ಖಾನ್ ಅವಳನ್ನು ಸಾತಾರದ ಕೋಟೆಯಲ್ಲಿ ಸೆರೆಯಿಟ್ಟ. ಅವನು ಬಿದ್ದ ಮೇಲೆ ಬಿಡುಗಡೆ. 1584ರಲ್ಲಿ ತವರಿಗೆ ಮರಳಿದಳು. 1595ರ ಕೊನೆಗೆ ಅಕ್ಬರನ ಮಗ ಮುರಾದ್ ಆ ತವರನ್ನೇ ಮುತ್ತಿದ. ಮದ್ದಿಟ್ಟು ಕೋಟೆಗೋಡೆ ಹಾರಿಸಿದಾಗ ಸರದಾರರು ಹಿಂಜರಿದರು. ಮುಖಕ್ಕೆ ಪರದೆ, ಕೈಯಲ್ಲಿ ಕತ್ತಿ ಹಿಡಿದು ಬಿರುಕಿನಲ್ಲಿ ನಿಂತವಳು ಅವಳು. ರಾತ್ರೋರಾತ್ರಿ ಗೋಡೆ ಮತ್ತೆ ಎದ್ದಿತು.

ಕತ್ತಿಯ ಕಥೆ ಎಲ್ಲರಿಗೂ ಗೊತ್ತು. ಕೈಮೇಲೆ ಗಿಡುಗ ಕೂರಿಸಿಕೊಂಡು ಕುದುರೆಯೇರಿದ ಅವಳ ಚಿತ್ರಗಳೂ ಪ್ರಸಿದ್ಧ. ಮುಂದಿನ ಕೆಲಸವನ್ನು ಯಾಕೋ ಯಾರೂ ಕೊಂಡಾಡುವುದಿಲ್ಲ: 1596ರಲ್ಲಿ ಬೇರಾರ್ ಪ್ರಾಂತವನ್ನು ಮೊಗಲರಿಗೆ ಬಿಟ್ಟುಕೊಟ್ಟು, ಕೂಸಾಗಿದ್ದ ಬಹಾದುರ್ ನಿಜಾಮ್‌ಶಾಹನ ಗಾದಿ ಉಳಿಸಿಕೊಂಡಳು. ಸಂಧಿಯ ಸರಕಾಗಿ ವಿಜಾಪುರಕ್ಕೆ ಬಂದಿದ್ದ ಹುಡುಗಿ ಈಗ ತಾನೇ ಕೂತು ಸಂಧಿಯ ಕರಾರು ಮಾತಾಡಿದ್ದಳು. ಸೋಲೆಂದು ಜರೆಯುವವರಿದ್ದಾರೆ. ಹಸಿದ ಕೋಟೆಯೊಳಗಿನ ಜನ ಹಾಗೆಂದಿರಲಾರರು.

1600ರಲ್ಲಿ ಮೊಗಲರು ಮತ್ತೆ ಬಂದರು, ಈ ಸಲ ರಾಜಕುಮಾರ ದಾನಿಯಾಲ್. ಚಾಂದ್ ಬೀಬಿ ಮತ್ತೆ ಮಾತುಕತೆಗೆ ಮನಸ್ಸು ಮಾಡಿದಳು. ಶತ್ರುವಿಗೆ ಮಾರಿಕೊಂಡಳೆಂದು ಕೂಗೆದ್ದು, ಅವಳ ಸೈನಿಕರೇ ನುಗ್ಗಿ ಕೊಂದರು. ಆಗಸ್ಟ್‌ನಲ್ಲಿ ಕೋಟೆ ಬಿತ್ತು.

ಅವಳ ಮಡಿಲಲ್ಲಿ ಬೆಳೆದ ಇಬ್ರಾಹಿಮ್ ಆದಿಲ್‌ಶಾಹನಾದರೂ ಬೇರೆ ದಾರಿ ಹುಡುಕಬಹುದಿತ್ತು. 1604ರಲ್ಲಿ ಅವನೂ ಮೊಗಲರ ಜೊತೆ ರಾಜಿಗಾಗಿ ಮಗಳನ್ನೇ ಕಳಿಸಿದ. ವರ, ಅದೇ ದಾನಿಯಾಲ್. ಮೇಣೆಯ ಜೊತೆ ಹೋದವರಲ್ಲಿ ಈ ಚರಿತ್ರೆಯನ್ನೆಲ್ಲ ಬರೆದಿಟ್ಟ ಫರಿಶ್ತಾನೂ ಇದ್ದ. ಮರುವರ್ಷವೇ ಕುಡಿತ ಹೆಚ್ಚಾಗಿ ದಾನಿಯಾಲ್ ಸತ್ತ.