ಮೇಲಧಿಕಾರಿಯನ್ನು ತೊರೆದ ಎಂಟು ಮಂದಿ

ಮೇಲಧಿಕಾರಿಯ ಕಾಟ ತಾಳಲಾರದೆ ಕೆಲಸ ಬಿಡುವುದು ಹೇಡಿತನವೇ? ಪದವಿ ಮುಗಿಸಿ ನೌಕರಿಗೆ ಹೊರಡಲಿರುವ ನಮಗೆ ಈ ಪ್ರಶ್ನೆ ಇಂದಲ್ಲ ನಾಳೆ ಎದುರಾಗಬಹುದು. ಅಲ್ಲವೆಂಬುದಕ್ಕೆ ಅಮೆರಿಕದ ಒಂದು ನಿದರ್ಶನವನ್ನು ವಾಚಕಮಿತ್ರರ ಮುಂದಿಡಬಯಸುತ್ತೇನೆ.

ಟ್ರಾನ್ಸಿಸ್ಟರಿನ ಸಂಶೋಧನೆಗಾಗಿ 1956ರ ನೊಬೆಲ್ ಪಾರಿತೋಷಕವನ್ನು ಇನ್ನಿಬ್ಬರೊಡನೆ ಹಂಚಿಕೊಂಡ ವಿಲಿಯಂ ಷಾಕ್ಲಿಯವರು ಕ್ಯಾಲಿಫೋರ್ನಿಯದ ತಮ್ಮ ಪ್ರಯೋಗಶಾಲೆಗೆ ಪ್ರತಿಭಾವಂತ ತರುಣರನ್ನು ಕಲೆಹಾಕಿದರು. ಅವರ ವಿದ್ವತ್ತು ದೊಡ್ಡದು. ಆದರೆ ಕೈಕೆಳಗಿನವರಲ್ಲಿ ನಂಬಿಕೆಯಿರಲಿಲ್ಲ. ನೌಕರರನ್ನು ಸುಳ್ಳುಪತ್ತೆಯ ಪರೀಕ್ಷೆಗೆ ಒಡ್ಡುವವರೆಗೂ ಅವರ ಸಂಶಯ ಬೆಳೆಯಿತು.

ತರುಣರು ಸಿಟ್ಟಿನ ಭರದಲ್ಲಿ ಎದ್ದುಹೋಗಲಿಲ್ಲ. ಮೊದಲು, ಬಂಡವಾಳ ಹಾಕಿದ್ದ ಆರ್ನಾಲ್ಡ್ ಬೆಕ್‌ಮನ್ನರಲ್ಲಿ ಅರಿಕೆ ಮಾಡಿಕೊಂಡರು. ಅಲ್ಲಿ ಪರಿಹಾರ ದೊರೆಯದಿರಲು, ಬೇರೆ ಆಶ್ರಯವನ್ನು ಗೊತ್ತುಮಾಡಿಕೊಂಡು 1957ರ ಸೆಪ್ಟೆಂಬರಿನಲ್ಲಿ ಎಂಟು ಮಂದಿ ಒಟ್ಟಾಗಿ ರಾಜೀನಾಮೆಯಿತ್ತರು. ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಸಂಸ್ಥೆಯನ್ನು ಕಟ್ಟಿದರು. ಅವರಲ್ಲಿ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ 1968ರಲ್ಲಿ ಇಂಟೆಲ್ ಸಂಸ್ಥೆಯನ್ನು ಸ್ಥಾಪಿಸಿದರು.

ಮನೆಯವರೆಲ್ಲ ನಮ್ಮ ಸಂಬಳದ ದಾರಿ ಕಾಯುತ್ತಿರುವಾಗ ನೌಕರಿ ಬಿಡುವುದು ಸುಲಭವಲ್ಲ, ನಿಜ. ಆದಕಾರಣವೇ ಅವರು ಅನುಸರಿಸಿದ ಕ್ರಮ ನಮಗೂ ಬೇಕು. ಸರಿಪಡಿಸಬಲ್ಲವರಿಗೆ ಮೊದಲು ತಿಳಿಸಬೇಕು. ಅವರು ಕಿವಿಗೊಡದಿದ್ದರೆ ಇನ್ನೊಂದು ನೆಲೆ ನೋಡಿಕೊಳ್ಳಬೇಕು. ಆಮೇಲೆ ನಮಸ್ಕಾರ ಹೇಳಿ ಹೊರಡಬೇಕು. ಇದರಲ್ಲಿ ಹೇಡಿತನವೇನೂ ನನಗೆ ಕಾಣದು.