ಮದುವೆಗೆ ಮುಂಚೆ ಕೇಳಬೇಕಾದ ಮಾತು

ವಿಶಾಖಪಟ್ಟಣ ಸೀಮೆಯ ಮದುವೆಗಳ ಒಂದು ಹಳೆಯ ಲೆಕ್ಕ ಇರುವುದು ತೆಲುಗು ನಾಟಕವೊಂದರ ಮುನ್ನುಡಿಯಲ್ಲಿ. ಹೆಣ್ಣಿಗೆ ತೆರ ಪಡೆದು ಮಾಡಿದ ಬ್ರಾಹ್ಮಣ ಮದುವೆಗಳನ್ನು ವಿಜಯನಗರಂನ ಮಹಾರಾಜ ಆನಂದ ಗಜಪತಿ ಪಟ್ಟಿ ಮಾಡಿಸಿದರು. ಮೂರು ವರ್ಷಕ್ಕೆ 1,034 ಮದುವೆಗಳು ಸಿಕ್ಕವು. ಐದು ವರ್ಷದ ವಧುಗಳು 99, ಮೂರು ವರ್ಷದವರು 36, ಒಂದು ವರ್ಷದ ಕೂಸುಗಳು ಮೂರು. ಆ ಕೂಸುಗಳ ಬೆಲೆ ತಲಾ 350ರಿಂದ 400 ರೂಪಾಯಿ. ಬಸಿರಲ್ಲಿದ್ದ ಮಗುವಿಗೂ ಚೌಕಾಸಿ ನಡೆಯುತ್ತಿತ್ತಂತೆ. 1897ರಲ್ಲಿ ‘ಕನ್ಯಾಶುಲ್ಕಂ’ ಅಚ್ಚಾದಾಗ ಗುರಜಾಡ ಅಪ್ಪಾರಾವ್ ಈ ಅಂಕಿಗಳನ್ನು ಮುನ್ನುಡಿಯಲ್ಲೇ ಇಟ್ಟರು.

ಈಗ ದುಡ್ಡು ಕೊಡುವ ಸರದಿ ಹೆಣ್ಣಿನ ಕಡೆಯವರದು. ಚೌಕಾಸಿ ಮಾತ್ರ ನಿಂತಿಲ್ಲ. ಗೋತ್ರ, ಜಾತಕ, ಸೈಟು, ಸಂಬಳ, ಅಮೆರಿಕದ ವೀಸಾ ಎಲ್ಲವೂ ಮಾತಿಗೆ ಬರುತ್ತವೆ. ಮನೆಖರ್ಚು ಯಾರ ಕೈಯಲ್ಲಿರಬೇಕು, ಮಗುವಾದರೆ ಕೆಲಸ ಬಿಡಬೇಕಾ, ಸಿಟ್ಟು ಬಂದರೆ ನೀನೇನು ಮಾಡುತ್ತೀ ಎಂದು ಹುಡುಗಿ ಕೇಳಿದಳೋ, ‘ಬಲು ಜೋರು’ ಎಂಬ ಬಿರುದು ಗ್ಯಾರಂಟಿ.

ಇಂಥ ಮಾತುಕತೆಯನ್ನೇ ಪಾಠವಾಗಿ ಕಲಿಸಬಹುದೇ? ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಹೊವಾರ್ಡ್ ಮಾರ್ಕ್‌ಮನ್ ಮತ್ತು ಸ್ಕಾಟ್ ಸ್ಟ್ಯಾನ್ಲಿ ರೂಪಿಸಿದ ತರಬೇತಿಯ ಒಂದು ಅಭ್ಯಾಸ ನೋಡಿ. ಒಬ್ಬರು ಮಾತಾಡುತ್ತಾರೆ, ಇನ್ನೊಬ್ಬರು ಉತ್ತರ ಕೊಡುವ ಮೊದಲು ಕೇಳಿಸಿಕೊಂಡದ್ದನ್ನು ತಮ್ಮ ಮಾತಲ್ಲಿ ತಿರುಗಿ ಹೇಳಬೇಕು. ಅಷ್ಟೇ. ನಮ್ಮ ಮನೆಗಳಲ್ಲಿ ಇದನ್ನು ಐದು ನಿಮಿಷ ಮಾಡಿನೋಡಿ, ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ!

ಇಂಥ ತರಬೇತಿಗಳನ್ನು ಅಲ್ಲಿನ ಸರ್ಕಾರ ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿತು. ಮದುವೆಯಾಗದೆ ಮಗು ಪಡೆದ ಬಡ ಜೋಡಿಗಳ ಮೇಲೆ ಎಂಟು ಕಡೆ ನಡೆದ ಅಧ್ಯಯನದ ವರದಿ 2010ರಲ್ಲಿ ಬಂತು: ಒಟ್ಟಾರೆ ಲಾಭವಿಲ್ಲ. ಒಕ್ಲಹೋಮಾ ನಗರದಲ್ಲಿ ಒಂದಿಷ್ಟು ಅನುಕೂಲ, ಬಾಲ್ಟಿಮೋರ್‌ನಲ್ಲಿ ಸಂಬಂಧಗಳು ಇನ್ನಷ್ಟು ಹದಗೆಟ್ಟವು. ಮದುವೆಯಾದವರ ಮೇಲೆ ನಡೆಸಿದ ಇನ್ನೊಂದು ಅಧ್ಯಯನದಲ್ಲಿ ಮಾತ್ರ ಸಣ್ಣ ಸುಧಾರಣೆ ಕಂಡಿತು, ಎರಡೂವರೆ ವರ್ಷದ ನಂತರವೂ ಉಳಿದಿತ್ತು. ಬಾಡಿಗೆ ಕಟ್ಟಲು ಕಾಸಿಲ್ಲದವರಿಗೆ ಮಾತಿನ ಕಲೆಯೊಂದೇ ಸಾಲದು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ವಿಜಯವಾಡದ ಪಟಮಟದಲ್ಲಿ ನಾಸ್ತಿಕ ಕೇಂದ್ರ ನಡೆಸಿದ ಗೋರಾ ಅವರ ಮನೆಯ ಮದುವೆಯೊಂದು ಮದುವೆಗೆ ಮುಂಚಿನ ತಯಾರಿಯ ಮಾತಿಗೆ ಹತ್ತಿರದ್ದು. ಮಗಳು ಮನೋರಮಾಗೆ ಅರ್ಜುನ ರಾವ್ ಎಂಬ ದಲಿತ ಯುವಕನೊಂದಿಗೆ ಮದುವೆ ಗೊತ್ತುಮಾಡಿದಾಗ ಗಾಂಧೀಜಿ ತಾವೇ ನಡೆಸಿಕೊಡಲು ಒಪ್ಪಿದರು. ಆದರೆ ಎರಡು ವರ್ಷ ಕಾಯಿರಿ ಎಂದರು. ನಾಸ್ತಿಕರ ಸಲುವಾಗಿ ಪ್ರತಿಜ್ಞೆಯಲ್ಲಿ ದೇವರ ಹೆಸರಿನ ಜಾಗದಲ್ಲಿ ಸತ್ಯದ ಹೆಸರು ಹಾಕಲೂ ಒಪ್ಪಿದರು. ಮದುವೆ ಸೇವಾಗ್ರಾಮದಲ್ಲಿ ನಡೆದದ್ದು 1948ರ ಮಾರ್ಚ್ 13ರಂದು, ಗಾಂಧೀಜಿ ಇಲ್ಲವಾದ ಮೇಲೆ. ಮುಂದೆ 1969ರಲ್ಲಿ ಈ ಕುಟುಂಬವೇ ಆರಂಭಿಸಿದ ವಾಸವ್ಯ ಮಹಿಳಾ ಮಂಡಳಿ ಕೌಟುಂಬಿಕ ಸಮಾಲೋಚನೆಯನ್ನೂ ಕೈಗೆತ್ತಿಕೊಂಡಿತು.

ಆದರೆ ಸಮಾಲೋಚಕರ ಬಾಗಿಲಿಗೆ ನಮ್ಮ ಜನ ಹೋಗುವುದು ಜಗಳ ಠಾಣೆ ಮೆಟ್ಟಿಲೇರಿದ ಮೇಲೆ. 1984ರ ಕುಟುಂಬ ನ್ಯಾಯಾಲಯ ಕಾಯ್ದೆ ರಾಜಿಗೆ ಯತ್ನಿಸಲೇಬೇಕು ಎನ್ನುತ್ತದೆ, ಅದೂ ಮುರಿಯುವ ಹೊತ್ತಿಗೆ. ಕ್ಯಾಥೊಲಿಕ್ ಚರ್ಚುಗಳು ವಧೂವರರಿಗೆ ಮೊದಲೇ ತಯಾರಿ ಕೊಡುವ ಕ್ರಮ ಇಟ್ಟುಕೊಂಡಿವೆ. ಉಳಿದವರು ಯಾಕೆ ಕಾಯಬೇಕು? ಮನೆಯಲ್ಲಿ ಸಂಬಂಧ ನೋಡುತ್ತಿದ್ದರೆ, ಛತ್ರಕ್ಕೆ ಮುಂಗಡ ಕೊಡುವ ಮೊದಲು ಹುಡುಗ-ಹುಡುಗಿಯನ್ನು ಒಮ್ಮೆ ಸಮಾಲೋಚಕರ ಮುಂದೆ ಕೂರಿಸಿ, ಹಿರಿಯರು ಹೊರಗಿರಿ.